ಎಲ್ವಾ ಹೊಳೆಯ ಬಿಡುಗಡೆ

ನಮ್ಮ ಪಾಠಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಹೊಳೆಯ ದಡದ ಊರುಗಳಿಂದ ಬಂದವರು. ತವರಿನ ಹೊಳೆಯ ಹೆಸರು ಕಿವಿಗೆ ಬಿದ್ದೊಡನೆ ಅವರ ಮನಸ್ಸು ಯಾವ ಕಟ್ಟೆಯ ಮೇಲೆ ಹೋಗಿ ಕುಳಿತುಕೊಳ್ಳುವುದೆಂಬುದನ್ನು ನಾವು ಬಲ್ಲೆವು. ಆದಕಾರಣ ಈ ಸ್ಮರಣ ಸಂಚಿಕೆಯಲ್ಲಿ ಹೊಳೆಯೊಂದರ ವೃತ್ತಾಂತವನ್ನು ಬರೆದರೆ ಅವರೂ ಅವರ ತಾಯಿತಂದೆಗಳೂ ಆದರದಿಂದ ಓದುವರೆಂದು ನಂಬಿದ್ದೇವೆ. ಈ ಹೊಳೆಯು ನಮ್ಮ ದೇಶದ್ದಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳ ವಾಯವ್ಯ ಮೂಲೆಯಲ್ಲಿರುವ ವಾಷಿಂಗ್ಟನ್ ಸಂಸ್ಥಾನದ್ದು. ಇದರ ಹೆಸರು ಎಲ್ವಾ. ನೂರು ವರ್ಷಗಳ ಕಾಲ ಇದು ಕಟ್ಟೆಗಳ ಹಿಂದೆ ಸೆರೆಯಾಗಿದ್ದು, ತನ್ನ ದಡದ ಜನರ ಪಟ್ಟುಬಿಡದ ಪ್ರಯತ್ನದಿಂದ ಬಿಡುಗಡೆಯನ್ನು ಹೊಂದಿತು. ಕಟ್ಟೆಗಳನ್ನು ಒಡೆಯುವುದಕ್ಕೆ ಮೂರು ವರ್ಷಗಳು ಸಾಕಾದವು. ಒಡೆಯಬೇಕೆಂಬ ಮಾತಿಗೆ ಲೋಕವು ಕಿವಿಗೊಡುವಂತೆ ಮಾಡಲು ಮೂರು ತಲೆಮಾರುಗಳು ಹಿಡಿದವು. ಆ ಮೂರು ತಲೆಮಾರುಗಳ ತಾಳ್ಮೆಯೇ ಈ ಲೇಖನದ ಮುಖ್ಯ ವಿಷಯವಾಗಿದೆ.

ಎಲ್ವಾ ದೊಡ್ಡ ಹೊಳೆಯೇನೂ ಅಲ್ಲ. ಅದರ ಉದ್ದವು ಸುಮಾರು ೪೫ ಮೈಲಿ ಮಾತ್ರ. ಒಲಿಂಪಿಕ್ ಎಂಬ ಹಿಮಪರ್ವತಗಳಲ್ಲಿ ಹುಟ್ಟಿ, ದಟ್ಟವಾದ ಕಾಡುಗಳ ನಡುವೆ ಉತ್ತರಕ್ಕೆ ಹರಿದು, ಪೋರ್ಟ್ ಆಂಜಲಿಸ್ ಎಂಬ ಪಟ್ಟಣದ ಪಶ್ಚಿಮಕ್ಕೆ ಸಮುದ್ರವನ್ನು ಸೇರುತ್ತದೆ. ಬಿಳಿಯ ಜನರು ಅಲ್ಲಿಗೆ ಬರುವುದಕ್ಕೆ ಬಹು ಪೂರ್ವದಿಂದಲೂ ಕ್ಲಾಲಂ ಎಂಬ ಮೂಲನಿವಾಸಿಗಳು ಆ ದಡದಲ್ಲಿ ಬಾಳಿಕೊಂಡಿದ್ದಾರೆ. ನಮ್ಮ ಜನರಿಗೆ ಅಕ್ಕಿ ರಾಗಿಗಳು ಹೇಗೋ ಅವರಿಗೆ ಸಾಲ್ಮನ್ ಎಂಬ ಮೀನು ಹಾಗೆ. ಊಟ, ಹಬ್ಬ, ಮದುವೆ, ಮರಣ, ಯಾವುದೂ ಅದಿಲ್ಲದೆ ನಡೆಯುತ್ತಿರಲಿಲ್ಲ.

ಈ ಮೀನಿನ ನಡವಳಿಕೆಯನ್ನು ಅರಿಯದಿದ್ದರೆ ಮುಂದಿನ ಸಂಗತಿಯು ತಿಳಿಯದು. ಸಾಲ್ಮನ್ ಮೀನು ಹುಟ್ಟುವುದು ಹೊಳೆಯ ಸಿಹಿನೀರಿನಲ್ಲಿ. ತಾಯಿಮೀನು ತನ್ನ ಬಾಲದಿಂದ ಸಣ್ಣ ಕಲ್ಲುಗಳನ್ನು ಸರಿಸಿ ಗುಳಿಯನ್ನು ತೋಡಿ, ಅದರಲ್ಲಿ ಮೊಟ್ಟೆಯಿಟ್ಟು, ಮತ್ತೆ ಕಲ್ಲುಗಳನ್ನು ಮುಚ್ಚುತ್ತದೆ. ಮರಿಗಳು ಕೆಲವು ಕಾಲ ಹೊಳೆಯಲ್ಲಿ ಬೆಳೆದು ಸಮುದ್ರಕ್ಕೆ ಇಳಿಯುತ್ತವೆ. ಅಲ್ಲಿ ಕೆಲವು ವರ್ಷ ಮೇದು ಕೊಬ್ಬಿದ ಮೇಲೆ, ತಾವು ಹುಟ್ಟಿದ ನೀರಿನ ವಾಸನೆಯನ್ನು ನೆನಪಿಟ್ಟು, ಅದೇ ಹೊಳೆಯನ್ನು ಹುಡುಕಿಕೊಂಡು ಹಿಂದಿರುಗುತ್ತವೆ. ಪ್ರವಾಹಕ್ಕೆ ಎದುರಾಗಿ ಈಜಿ, ಬಂಡೆಗಳನ್ನು ಹಾರಿ, ಹುಟ್ಟಿದ ನೆಲೆಯನ್ನು ಮುಟ್ಟಿ, ಮೊಟ್ಟೆಯಿಟ್ಟು ಸಾಯುತ್ತವೆ. ಆ ಸಾವೂ ವ್ಯರ್ಥವಲ್ಲ. ಸತ್ತ ಮೀನುಗಳನ್ನು ಕರಡಿಗಳೂ ಹದ್ದುಗಳೂ ತಿನ್ನುತ್ತವೆ. ಉಳಿದುದು ಕೊಳೆತು ದಡದ ಮರಗಳಿಗೆ ಗೊಬ್ಬರವಾಗುತ್ತದೆ. ಹೀಗೆ ಸಮುದ್ರದ ಸಾರವು ಮೀನಿನ ಮೈಯಲ್ಲಿ ಬೆಟ್ಟವನ್ನು ಹತ್ತುತ್ತದೆ. ಎಲ್ವಾ ಹೊಳೆಗೆ ಪೂರ್ವದಲ್ಲಿ ವರ್ಷಕ್ಕೆ ಸುಮಾರು ನಾಲ್ಕು ಲಕ್ಷ ಮೀನುಗಳು ಹಿಂದಿರುಗುತ್ತಿದ್ದವೆಂದು ಶಾಸ್ತ್ರಜ್ಞರು ಅಂದಾಜು ಮಾಡಿದ್ದಾರೆ. ಅವುಗಳಲ್ಲಿ ಚಿನೂಕ್ ಎಂಬ ಜಾತಿಯದು ೧೦೦ ಪೌಂಡು ತೂಗುವಷ್ಟು ಬೆಳೆಯುತ್ತಿತ್ತೆಂಬ ಖ್ಯಾತಿಯಿದೆ.

ಇಂತಿರಲು, ಥಾಮಸ್ ಆಲ್ಡ್‌ವೆಲ್ ಎಂಬ ಉದ್ಯಮಿಯು ಈ ಹೊಳೆಯ ರಭಸದಿಂದ ವಿದ್ಯುಚ್ಛಕ್ತಿಯನ್ನು ಪಡೆಯಬಹುದೆಂದು ಕಂಡುಕೊಂಡನು. ಸಮುದ್ರದಿಂದ ಸುಮಾರು ೫ ಮೈಲಿ ಮೇಲೆ, ೧೦೮ ಅಡಿ ಎತ್ತರದ ಎಲ್ವಾ ಕಟ್ಟೆಯ ಕೆಲಸವು ೧೯೧೦ರಲ್ಲಿ ಮೊದಲಾಯಿತು. ೧೯೧೨ನೆಯ ಅಕ್ಟೋಬರ್ ೩೧ರಂದು ಕಟ್ಟೆಯ ತಳವು ಕಿತ್ತುಹೋಗಿ, ಹಿಂದೆ ನಿಂತಿದ್ದ ನೀರೆಲ್ಲವೂ ಒಮ್ಮೆಗೇ ಕೆಳಗೆ ನುಗ್ಗಿತು. ಹೊಳೆಯ ಕೆಳಭಾಗದಲ್ಲಿ ವಾಸಿಸುತ್ತಿದ್ದ ಕ್ಲಾಲಂ ಜನರು ಜೀವವನ್ನು ಉಳಿಸಿಕೊಂಡು ಓಡಬೇಕಾಯಿತು. ಮರದ ಕೊಂಬೆಗಳಲ್ಲಿ ಮೀನುಗಳು ಸಿಕ್ಕಿಕೊಂಡಿದ್ದುದನ್ನು ಕಂಡವರು ತಮ್ಮ ಮಕ್ಕಳಿಗೆ ಹೇಳಿದರು. ಆ ಮಕ್ಕಳು ತಮ್ಮ ಮಕ್ಕಳಿಗೆ ಹೇಳಿದರು. ಕಟ್ಟೆಯನ್ನಾದರೋ ಪುನಃ ಗಟ್ಟಿಮಾಡಿ ೧೯೧೩ರಲ್ಲಿ ಮುಗಿಸಲಾಯಿತು. ೧೯೨೭ರಲ್ಲಿ ಅದಕ್ಕೆ ೮ ಮೈಲಿ ಮೇಲೆ ಗ್ಲೈನ್ಸ್ ಕ್ಯಾನ್ಯನ್ ಎಂಬಲ್ಲಿ ೨೧೦ ಅಡಿ ಎತ್ತರದ ಇನ್ನೊಂದು ಕಟ್ಟೆಯು ಎದ್ದಿತು.

ಇಲ್ಲಿ ವಾಚಕರು ಗಮನಿಸತಕ್ಕ ಸಂಗತಿಯೊಂದುಂಟು. ಮೀನುಗಳು ಹೋಗುವ ಹೊಳೆಗೆ ಕಟ್ಟೆಯನ್ನು ಹಾಕುವವರು ಮೀನುಗಳಿಗೆ ದಾರಿಯನ್ನು ಬಿಡಲೇಬೇಕೆಂದು ವಾಷಿಂಗ್ಟನ್ ಸಂಸ್ಥಾನದಲ್ಲಿ ೧೮೯೦ರಿಂದಲೇ ಶಾಸನವಿತ್ತು. ಎಲ್ವಾ ಕಟ್ಟೆಯಲ್ಲಿ ಆ ದಾರಿಯನ್ನು ಇಡಲಿಲ್ಲ. ಅದಕ್ಕೆ ಬದಲಾಗಿ ಮೀನಿನ ಮರಿಗಳನ್ನು ತೊಟ್ಟಿಗಳಲ್ಲಿ ಸಾಕಿ ಬಿಡುವ ಏರ್ಪಾಡನ್ನು ಮಾಡಿದರೆ ಸಾಕೆಂದು ಅಧಿಕಾರಿಗಳು ಒಪ್ಪಿಕೊಂಡರು. ಆ ಏರ್ಪಾಡೂ ಫಲಿಸದೆ ೧೯೨೨ರಲ್ಲಿ ಕೈಬಿಡಲ್ಪಟ್ಟಿತು. ಕಟ್ಟೆ ಮಾತ್ರ ನಿಂತಿತು. ಶಾಸನವು ಪುಸ್ತಕದಲ್ಲಿದ್ದರೂ ಅದನ್ನು ಕೇಳುವವರಿಲ್ಲದಿದ್ದರೆ ಅದರಿಂದ ಪ್ರಯೋಜನವಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಿಲ್ಲ.

ಕಟ್ಟೆಯಿಂದ ಹೊಳೆಗೆ ಆದ ಕೇಡು ಮೂರು ಬಗೆಯದು. ಮೊದಲನೆಯದು, ಮೀನಿನ ದಾರಿಯು ಮುಚ್ಚಿತು. ಮುಖ್ಯ ಹೊಳೆಯಲ್ಲಿಯೂ ಅದರ ತೊರೆಗಳಲ್ಲಿಯೂ ಇದ್ದ ೭೦ ಮೈಲಿಗೂ ಮಿಕ್ಕ ನೆಲೆಯು ಕೈತಪ್ಪಿ, ಕೆಳಗಿನ ೫ ಮೈಲಿ ಮಾತ್ರ ಮೀನುಗಳಿಗೆ ಉಳಿಯಿತು. ಎರಡನೆಯದು, ಬೆಟ್ಟದಿಂದ ಇಳಿದುಬರುತ್ತಿದ್ದ ಮರಳು, ಸಣ್ಣ ಕಲ್ಲು, ಬಿದ್ದ ಮರಗಳು ಎಲ್ಲವೂ ಕಟ್ಟೆಗಳ ಹಿಂದೆ ನಿಂತುಬಿಟ್ಟವು. ಕೆಳಗಿನ ಹೊಳೆಯಲ್ಲಿ ಮೊಟ್ಟೆಯಿಡಲು ಬೇಕಾದ ಸಣ್ಣ ಕಲ್ಲು ಕೊಚ್ಚಿಹೋಗಿ ಗುಂಡುಗಲ್ಲುಗಳು ಮಾತ್ರ ಉಳಿದವು. ಮರಳು ದೊರೆಯದೆ ಸಮುದ್ರತೀರವು ವರ್ಷವರ್ಷವೂ ಸವೆಯಿತು. ಹೆಂಗಸರು ಚಿಪ್ಪುಮೀನುಗಳನ್ನು ಆಯುತ್ತಿದ್ದ ದಡಗಳು ಕಲ್ಲಾದವು. ಮೂರನೆಯದು, ನಿಂತ ನೀರು ಬಿಸಿಲಿಗೆ ಕಾಯ್ದು, ತಂಪನ್ನು ಬಯಸುವ ಮೀನುಗಳಿಗೆ ರೋಗಗಳನ್ನು ತಂದಿತು. ನಾಲ್ಕು ಲಕ್ಷವಿದ್ದ ಮೀನುಗಳು ಮೂರು ನಾಲ್ಕು ಸಾವಿರಕ್ಕೆ ಇಳಿದವು.

ಕ್ಲಾಲಂ ಜನರ ಸ್ಥಿತಿಯೂ ಮೀನುಗಳ ಸ್ಥಿತಿಗಿಂತ ಉತ್ತಮವಾಗಿರಲಿಲ್ಲ. ೧೮೫೫ರಲ್ಲಿ ಸರಕಾರದವರು ಅವರೊಡನೆ ಒಡಂಬಡಿಕೆಯನ್ನು ಮಾಡಿಕೊಂಡು, ಭೂಮಿಯನ್ನು ಪಡೆದು, ವಾಡಿಕೆಯ ಸ್ಥಳಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಅವರಿಗೇ ಉಳಿಸಿದ್ದರು. ಆದರೂ ತಮ್ಮ ಹೊಳೆಯಲ್ಲಿಯೇ ಬಲೆ ಹಾಕಿದವರನ್ನು ಕಾವಲಿನವರು ಹಿಡಿದು ದಂಡಿಸಿದ್ದುಂಟು. ಕಟ್ಟೆಯ ನೀರಿನಲ್ಲಿ ಅವರ ಪವಿತ್ರ ಸ್ಥಳವೊಂದು ಮುಳುಗಿತು. ಸೃಷ್ಟಿಕರ್ತನು ತಮ್ಮ ಮೊದಲ ಪೂರ್ವಿಕರನ್ನು ಸ್ನಾನಮಾಡಿಸಿ ಹರಸಿದ ಸ್ಥಳವದು, ಅಲ್ಲಿಯ ಬಂಡೆಯಲ್ಲಿ ಬುಟ್ಟಿಯ ಆಕಾರದ ಗುಳಿಗಳಿವೆ, ಎಂದು ಅಜ್ಜಿಯರು ಹೇಳುತ್ತಿದ್ದರು. ನೋಡದವರು ಅದನ್ನು ಕಟ್ಟುಕಥೆಯೆಂದೇ ಎಣಿಸಿದರು.

ನಾವು ಒಂದು ಮಿಶನ್ ಶಾಲೆಯವರಾಗಿರುವುದರಿಂದ ಇಲ್ಲಿ ಮುಚ್ಚಿಡಬಾರದ ಮಾತೊಂದಿದೆ. ಆ ದೇಶದಲ್ಲಿ ಮೂಲನಿವಾಸಿಗಳ ಮಕ್ಕಳಿಗಾಗಿ ಸರಕಾರವೂ ಸಭೆಗಳೂ ನಡೆಸಿದ ವಸತಿಶಾಲೆಗಳಲ್ಲಿ ಅನೇಕವು ಮಕ್ಕಳು ತಾಯಿನುಡಿಯನ್ನು ಆಡಿದರೆ ಶಿಕ್ಷಿಸುತ್ತಿದ್ದವು. ನುಡಿಯು ಹೋದರೆ ಹೊಳೆಯ ಹೆಸರುಗಳೂ, ಸ್ಥಳಗಳ ಗುರುತೂ, ಅಜ್ಜಿಯರ ಸಾಕ್ಷ್ಯವೂ ಹೋಗುವುವು. ಕನ್ನಡ ನಾಡಿನಲ್ಲಿ ಮಿಶನರಿಗಳು ಜನರ ನುಡಿಯನ್ನೇ ಕಲಿತು, ೧೮೪೩ರಲ್ಲಿ ಆ ನುಡಿಯಲ್ಲಿ ಪತ್ರಿಕೆಯನ್ನೂ ೧೮೯೪ರಲ್ಲಿ ಕಿಟ್ಟೆಲರ ಕೋಶವನ್ನೂ ಕೊಟ್ಟರೆಂದು ನಾವು ಹೆಮ್ಮೆಪಡುತ್ತೇವೆ. ಅದೇ ಕ್ರಿಸ್ತನ ಹೆಸರಿನಲ್ಲಿ ಬೇರೊಂದೆಡೆ ನುಡಿಗಳನ್ನು ಅಡಗಿಸಿದರೆಂಬುದನ್ನು ತಿಳಿದಾಗ ತಲೆತಗ್ಗಿಸುವುದೂ ನಮ್ಮ ಕರ್ತವ್ಯವೇ ಆಗಿದೆ.

ಆದರೂ ಆ ನುಡಿಯು ಪೂರ್ತಿಯಾಗಿ ಅಡಗಲಿಲ್ಲ. ಬಿಯಾಟ್ರಿಸ್ ಚಾರ್ಲ್ಸ್, ಆಡಲೈನ್ ಸ್ಮಿತ್ ಎಂಬ ಇಬ್ಬರು ವೃದ್ಧೆಯರು ತಮ್ಮ ಬಾಲ್ಯದಲ್ಲಿ ಕೇಳಿದ ಮಾತುಗಳನ್ನೂ ಕಥೆಗಳನ್ನೂ ನೆನಪಿನಿಂದ ಹೇಳಿ ಭಾಷಾಶಾಸ್ತ್ರಜ್ಞರಿಂದ ಬರೆಯಿಸಿದರು. ೨೦೧೨ರಲ್ಲಿ ಕ್ಲಾಲಂ ನುಡಿಯ ನಿಘಂಟು ಅಚ್ಚಾಯಿತು. ಇದೇ ಹೆಂಗಸರು ಕಟ್ಟೆಯ ವಿಷಯದಲ್ಲಿಯೂ ತಮ್ಮವರ ಅನುಭವವನ್ನು ಕೇಳಿದವರಿಗೆಲ್ಲಾ ಬೇಸರವಿಲ್ಲದೆ ಹೇಳಿದರು. ಬಿಯಾಟ್ರಿಸ್ ಚಾರ್ಲ್ಸ್‌ರವರು ಕಟ್ಟೆ ಒಡೆಯುವ ಮುಂಚೆಯೇ ತೀರಿಕೊಂಡರು. ಆಡಲೈನ್ ಸ್ಮಿತ್‌ರವರು ೨೦೧೩ರವರೆಗೂ ಬದುಕಿದ್ದು, ಕೆಳಗಿನ ಕಟ್ಟೆಯು ಇಲ್ಲವಾದುದನ್ನು ಕಂಡರು.

ಇನ್ನು ಆ ಕಟ್ಟೆಗಳು ಹೇಗೆ ಇಲ್ಲವಾದುವೆಂಬುದನ್ನು ಹೇಳುವೆವು. ೧೯೭೪ರಲ್ಲಿ ನ್ಯಾಯಾಧಿಪತಿ ಬೋಲ್ಟ್ ಎಂಬವರು, ಹಳೆಯ ಒಡಂಬಡಿಕೆಗಳ ಮೇರೆಗೆ ಹಿಡಿಯತಕ್ಕ ಮೀನಿನಲ್ಲಿ ಅರ್ಧ ಪಾಲು ಮೂಲನಿವಾಸಿಗಳದೆಂದು ತೀರ್ಪಿತ್ತರು. ಆದರೆ ಹೊಳೆಯಲ್ಲಿ ಮೀನೇ ಇಲ್ಲದಿದ್ದರೆ ಪಾಲು ಯಾತಕ್ಕೆ? ಮೇಲಿನ ಕಟ್ಟೆಗೆ ದೊರೆತಿದ್ದ ೫೦ ವರ್ಷಗಳ ಪರವಾನಗಿಯು ೧೯೭೬ರಲ್ಲಿ ಮುಗಿಯಿತು. ಕೆಳಗಿನ ಕಟ್ಟೆಗೆ ಕೇಂದ್ರ ಸರಕಾರದ ಪರವಾನಗಿಯು ಎಂದೂ ಇರಲಿಲ್ಲ. ಕ್ಲಾಲಂ ಜನರ ಪಂಚಾಯತಿಯು ಈ ಸಂದರ್ಭವನ್ನು ಬಿಡಲಿಲ್ಲ. ೧೯೮೬ರಲ್ಲಿ ಅವರು ಪರವಾನಗಿ ಕೊಡುವ ಅಧಿಕಾರಿಗಳ ಮುಂದೆ ಹೋಗಿ, ಕಟ್ಟೆಗಳನ್ನು ತೆಗೆಯಬೇಕೆಂದು ವಾದಿಸಿದರು. ಕಾಡು ಹೊಳೆಗಳನ್ನು ಕಾಪಾಡುವ ಸಂಘಗಳವರೂ ಅವರೊಡನೆ ಸೇರಿದರು.

ಪಟ್ಟಣದಲ್ಲಿ ಎಲ್ಲರೂ ಇದಕ್ಕೆ ಒಪ್ಪಿದರೆಂದು ತಿಳಿಯಬಾರದು. ಕಾಗದದ ಕಾರ್ಖಾನೆಯು ಆ ವಿದ್ಯುಚ್ಛಕ್ತಿಯಿಂದ ನಡೆಯುತ್ತಿತ್ತು. ಅದರ ಕೂಲಿಯಿಂದ ಅನೇಕ ಮನೆಗಳ ಒಲೆ ಉರಿಯುತ್ತಿತ್ತು. ಕುಡಿಯುವ ನೀರು ಕೆಸರಾಗುವುದೆಂದು ಕೆಲವರೂ, ಸುಂದರವಾದ ಸರೋವರಗಳು ಹೋಗುವುವೆಂದು ಕೆಲವರೂ ವಿರೋಧಿಸಿದರು. ಇವು ಅನ್ಯಾಯದ ಮಾತುಗಳಲ್ಲ. ಆದಕಾರಣ ಹಲವು ವರ್ಷ ಕುಳಿತು ಮಾತಾಡಿ, ಎಲ್ಲರ ಅಂಜಿಕೆಗೂ ಒಂದು ಉತ್ತರವನ್ನು ಹುಡುಕಿದರು. ೧೯೯೨ರಲ್ಲಿ ಅಮೆರಿಕದ ಶಾಸನಸಭೆಯು ಎಲ್ವಾ ಹೊಳೆಯನ್ನು ಮೊದಲಿನ ಸ್ಥಿತಿಗೆ ತರುವ ಶಾಸನವನ್ನು ಅಂಗೀಕರಿಸಿತು. ಅದರ ಮೇರೆಗೆ ಕಟ್ಟೆಗಳನ್ನು ಸರಕಾರವೇ ಕೊಂಡುಕೊಳ್ಳತಕ್ಕದ್ದು. ಕಾರ್ಖಾನೆಗೆ ಬೇರೆ ಕಡೆಯಿಂದ ವಿದ್ಯುಚ್ಛಕ್ತಿಯನ್ನು ಒದಗಿಸತಕ್ಕದ್ದು. ಪಟ್ಟಣದ ನೀರನ್ನು ಶುದ್ಧಮಾಡುವ ಯಂತ್ರಗಳನ್ನು ಮೊದಲೇ ಕಟ್ಟತಕ್ಕದ್ದು. ಎರಡು ಕಟ್ಟೆಗಳಿಂದ ದೊರೆಯುತ್ತಿದ್ದ ಶಕ್ತಿಯು ಸುಮಾರು ೨೮ ಮೆಗಾವಾಟ್ ಮಾತ್ರವಾಗಿದ್ದುದೂ, ಹೊಲಗದ್ದೆಗಳಾವುವೂ ಆ ಕಟ್ಟೆಗಳ ನೀರನ್ನು ನೆಚ್ಚಿಕೊಂಡಿರದಿದ್ದುದೂ ಈ ಒಪ್ಪಂದಕ್ಕೆ ಅನುಕೂಲವಾದವು. ೨೦೦೦ದಲ್ಲಿ ಸರಕಾರವು ಸುಮಾರು ೩ ಕೋಟಿ ಡಾಲರುಗಳಿಗೆ ಕಟ್ಟೆಗಳನ್ನು ಕೊಂಡಿತು. ಎಲ್ಲಾ ಕೆಲಸಗಳಿಗೂ ಸೇರಿ ಸುಮಾರು ೩೨ ಕೋಟಿ ಡಾಲರುಗಳ ವೆಚ್ಚವಾಯಿತು.

೨೦೧೧ನೆಯ ಸೆಪ್ಟೆಂಬರಿನಲ್ಲಿ ಒಡೆಯುವ ಕೆಲಸವು ಮೊದಲಾಯಿತು. ಒಂದೇ ಸಲಕ್ಕೆ ಒಡೆದುಬಿಟ್ಟಿದ್ದರೆ, ನೂರು ವರ್ಷಗಳಿಂದ ಹಿಂದೆ ತುಂಬಿದ್ದ ಮಣ್ಣು ಮರಳುಗಳೆಲ್ಲಾ ಕೂಡಿ ಹೊಳೆಯನ್ನೇ ಹೂಳುತ್ತಿದ್ದವು. ಅದು ೨ ಕೋಟಿ ಘನಮೀಟರಿನಷ್ಟಿತ್ತು. ಆದ್ದರಿಂದ ಕಟ್ಟೆಯ ತಲೆಯನ್ನು ಸ್ವಲ್ಪ ಸ್ವಲ್ಪವಾಗಿ ಕತ್ತರಿಸಿ, ನೀರನ್ನು ಮೆಲ್ಲನೆ ಇಳಿಸಿ, ಮೀನುಗಳು ಬರುವ ತಿಂಗಳುಗಳಲ್ಲಿ ಕೆಲಸವನ್ನು ನಿಲ್ಲಿಸಿ, ಹೊಳೆಯೇ ತನ್ನ ಮಣ್ಣನ್ನು ಹೊತ್ತುಕೊಂಡು ಹೋಗುವಂತೆ ಮಾಡಿದರು. ನಡುವೆ ತೊಂದರೆಗಳೂ ಬಂದವು. ಎಲೆ, ಕಡ್ಡಿ, ಕೆಸರುಗಳಿಂದ ನೀರಿನ ಯಂತ್ರಾಲಯವು ಕಟ್ಟಿಕೊಂಡು ಕೆಲಸವು ಒಂದು ವರ್ಷದಷ್ಟು ನಿಂತಿತು. ಕೆಳಗಿನ ಕಟ್ಟೆಯು ೨೦೧೨ನೆಯ ಮಾರ್ಚಿಯಲ್ಲಿ ಮುಗಿಯಿತು. ಮೇಲಿನದರ ಕೊನೆಯ ತುಂಡು ೨೦೧೪ನೆಯ ಆಗಸ್ಟಿನಲ್ಲಿ ಸಿಡಿಯಿತು.

ಆಗ ಮೇಲೆದ್ದುದು ಸುಂದರವಾದ ನೋಟವಲ್ಲ. ಸರೋವರಗಳಿದ್ದಲ್ಲಿ ನೂರಾರು ಎಕರೆಗಳ ಬೂದುಬಣ್ಣದ ಬಯಲೂ, ನೂರು ವರ್ಷ ಹಿಂದೆ ಕಡಿದ ದೇವದಾರುಗಳ ಮೊಂಡು ಬುಡಗಳೂ ಕಾಣಿಸಿದವು. ಆದರೆ ೨೦೧೨ರಲ್ಲಿ, ಆ ಬಯಲಿನ ನಡುವೆ, ಬುಟ್ಟಿಯ ಆಕಾರದ ಗುಳಿಗಳಿದ್ದ ಆ ಬಂಡೆಯೂ ದೊರೆಯಿತು. ಅಜ್ಜಿಯರು ಹೇಳಿದ್ದ ಸ್ಥಳವು ಅವರು ಹೇಳಿದ್ದಂತೆಯೇ ಇತ್ತು. ಒಂದು ಶತಮಾನ ಕಾಲ ಕಣ್ಣಿಗೆ ಕಾಣದಿದ್ದುದನ್ನು ಬಾಯಿಮಾತು ಕಾಪಾಡಿ ತಂದಿತ್ತು.

ಬರಿದಾದ ಬಯಲನ್ನು ಹಾಗೆಯೇ ಬಿಟ್ಟಿದ್ದರೆ ಹೊರಗಿನ ಕಳೆಗಳು ಅದನ್ನು ಹಿಡಿಯುತ್ತಿದ್ದವು. ಅದಕ್ಕಾಗಿ ಕ್ಲಾಲಂ ಜನರೂ, ರಾಷ್ಟ್ರೀಯ ಉದ್ಯಾನದ ಕೆಲಸಗಾರರೂ, ಕೂಲಿಯನ್ನು ಬಯಸದೆ ಬಂದ ಊರವರೂ ಸುತ್ತಲಿನ ಕಾಡಿನಲ್ಲಿಯೇ ಬೀಜಗಳನ್ನು ಆಯ್ದು, ಸಸಿಗಳನ್ನು ಬೆಳೆಸಿ ನೆಟ್ಟರು. ಮೂರು ಲಕ್ಷಕ್ಕೂ ಮಿಕ್ಕ ಸಸಿಗಳನ್ನು ನೆಟ್ಟರೆಂದು ಲೆಕ್ಕವಿದೆ. ಸಾರವಿಲ್ಲದ ಮರಳಿನಲ್ಲಿ ಮೊದಲು ಚೆನ್ನಾಗಿ ಬೆಳೆದುದು ಲೂಪಿನ್ ಎಂಬ ನೀಲಿ ಹೂವಿನ ಗಿಡ. ಅದು ನಮ್ಮ ಹುರುಳಿ, ಅವರೆಗಳ ಜಾತಿಗೆ ಸೇರಿದುದರಿಂದ, ಗಾಳಿಯಲ್ಲಿರುವ ಸಾರವನ್ನು ಬೇರುಗಳಿಗೆ ಎಳೆದು ನೆಲವನ್ನು ಹದಮಾಡಿ, ಮುಂದೆ ಬರುವ ಮರಗಳಿಗೆ ದಾರಿಯನ್ನು ಸಿದ್ಧಮಾಡಿತು.

ಮೀನುಗಳೋ, ಮನುಷ್ಯರನ್ನು ಕಾಯಲಿಲ್ಲ. ಕೆಳಗಿನ ಕಟ್ಟೆಯು ಹೋದ ವರ್ಷವೇ ಚಿನೂಕ್ ಮೀನುಗಳು ಅದರ ಸ್ಥಳವನ್ನು ದಾಟಿ ಮೇಲೆ ಹೋದವು. ಇದಕ್ಕಿಂತಲೂ ಆಶ್ಚರ್ಯಕರವಾದುದು ಸ್ಟೀಲ್‌ಹೆಡ್ ಎಂಬ ಮೀನಿನ ಸಂಗತಿ. ಕಟ್ಟೆಯ ಮೇಲ್ಗಡೆಯಲ್ಲಿ ಸಿಕ್ಕಿಬಿದ್ದ ಇದರ ಸಂತತಿಯು ನೂರು ವರ್ಷ ಸಿಹಿನೀರಿನಲ್ಲಿಯೇ ಬಾಳಿ, ಸಮುದ್ರವನ್ನು ಕಾಣದೆ ಇದ್ದಿತು. ದಾರಿ ತೆರೆದೊಡನೆ ಆ ಸಂತತಿಯ ಮರಿಗಳು ಸಮುದ್ರಕ್ಕೆ ಇಳಿದು, ದೊಡ್ಡವಾಗಿ ಹಿಂದಿರುಗಿದವು. ಹೊಳೆಯು ತಂದ ಮರಳಿನಿಂದ ಅಳಿವೆಯಲ್ಲಿ ಸುಮಾರು ೧೦೦ ಎಕರೆಯ ಹೊಸ ತೀರವು ಕಟ್ಟಿತು.

ಆದರೆ ಎಲ್ಲವೂ ಸರಿಹೋಯಿತೆಂದು ಬರೆದರೆ ಸತ್ಯಕ್ಕೆ ತಪ್ಪಿದಂತಾಗುವುದು. ಸಂತತಿಯು ಅಳಿಯದಿರಲೆಂದು ತೊಟ್ಟಿಗಳಲ್ಲಿ ಸಾಕಿದ ಮರಿಗಳನ್ನು ಬಿಡುವುದು ತಕ್ಕದ್ದೋ ಅಲ್ಲವೋ ಎಂಬ ವಿವಾದವು ನ್ಯಾಯಸ್ಥಾನದವರೆಗೂ ಹೋಯಿತು. ಸ್ವತಂತ್ರವಾದ ಹೊಳೆಯು ತನ್ನ ಪಾತ್ರವನ್ನು ಬದಲಿಸಿ ರಸ್ತೆಯೊಂದನ್ನು ಕೊಚ್ಚಿತು. ಎಲ್ಲಕ್ಕೂ ಮಿಗಿಲಾಗಿ, ಮೀನುಗಳು ಹೆಚ್ಚಲೆಂದು ಕ್ಲಾಲಂ ಜನರು ತಾವಾಗಿಯೇ ೨೦೧೧ರಿಂದ ಬಲೆಗಳನ್ನು ಕಟ್ಟಿಟ್ಟರು. ನೂರು ವರ್ಷ ಕಾದುಕೊಂಡಿದ್ದವರು ಹೊಳೆಯು ಬಿಡುಗಡೆಯಾದ ಮೇಲೂ ಮೀನನ್ನು ಮುಟ್ಟದೆ ಹನ್ನೆರಡು ವರ್ಷ ಕಾದರು. ೨೦೨೩ರ ಶರತ್ಕಾಲದಲ್ಲಿ ಮಾತ್ರ, ಕೋಹೋ ಎಂಬ ಜಾತಿಯ ಮೀನನ್ನು ತಮ್ಮ ಆಚರಣೆಗೂ ಊಟಕ್ಕೂ ಬೇಕಾದಷ್ಟು ಹಿಡಿದರು. ಆ ದಿನ ಹೊಳೆಗೆ ಇಳಿದ ಮಕ್ಕಳಿಗೆ ಕಟ್ಟೆಯೆಂಬುದು ಕಥೆ; ಅವರ ಅಜ್ಜಿಯರಿಗೆ ಮೀನೆಂಬುದು ಕಥೆಯಾಗಿತ್ತು.

ನಮ್ಮ ನಾಡಿಗೂ ಈ ಸಂಗತಿಗೂ ಸಂಬಂಧವಿಲ್ಲವೆಂದು ಹೇಳಲಾಗದು. ಸಮುದ್ರದಿಂದ ಹೊಳೆಗೆ ಏರಿಬರುವ ಹಿಲ್ಸಾ ಎಂಬ ಮೀನು ಕಾವೇರಿಯಲ್ಲಿಯೂ ಇತ್ತು. ೧೯೩೪ರಲ್ಲಿ ಮೆಟ್ಟೂರು ಕಟ್ಟೆಯು ಮುಗಿದ ಮೇಲೆ ಅದರ ದಾರಿಯು ಅಲ್ಲಿಗೆ ನಿಂತಿತು. ಹಾಗೆಂದು ನಮ್ಮ ಕಟ್ಟೆಗಳನ್ನು ಒಡೆಯಬೇಕೆಂದು ನಾವು ಹೇಳುವವರಲ್ಲ. ಅವುಗಳ ನೀರಿನಿಂದ ಗದ್ದೆಗಳು ಹಸುರಾಗಿವೆ, ಪಟ್ಟಣಗಳು ಬಾಯಾರದೆ ಇವೆ. ಎಲ್ವಾ ಹೊಳೆಯವರು ತಮ್ಮ ಕಟ್ಟೆಗಳ ಲಾಭವನ್ನೂ ನಷ್ಟವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದರು. ಪ್ರತಿಯೊಂದು ಹೊಳೆಯ ವಿಷಯದಲ್ಲಿಯೂ ಹಾಗೆಯೇ ಬೇರೆಬೇರೆಯಾಗಿ ತೂಗಬೇಕು. ಆ ತಕ್ಕಡಿಯಲ್ಲಿ ನಷ್ಟದ ಪಾಲನ್ನು ಇಡುವವರು ಯಾರು? ಹೊಳೆಯು ಹಿಂದೆ ಹೇಗಿತ್ತೆಂದು ಬಲ್ಲವರೇ. ಅವರು ಹೇಳದೆ ತೀರಿಹೋದರೆ, ಕಳೆದುಹೋದುದು ಕಳೆದಿದೆಯೆಂದು ಸಹ ಮುಂದಿನವರಿಗೆ ತಿಳಿಯದು.

ಯೆಹೆಜ್ಕೇಲ ಪ್ರವಾದಿಯು ಕಂಡ ದರ್ಶನದಲ್ಲಿ ದೇವಾಲಯದ ಹೊಸ್ತಿಲಿನಿಂದ ಹೊರಟ ತೊರೆಯು ಮೊದಲು ಹರಡಿನಷ್ಟು, ಆಮೇಲೆ ಮೊಣಕಾಲಿನಷ್ಟು, ಆಮೇಲೆ ಸೊಂಟದಷ್ಟು ಆಳವಾಗಿ, ಹೋದಲ್ಲೆಲ್ಲಾ ಜೀವವನ್ನು ತರುವುದನ್ನು ನಮ್ಮ ವಿದ್ಯಾರ್ಥಿನಿಯರು ಧರ್ಮಪಾಠದಲ್ಲಿ ಓದಿರುವರು. ಒಳ್ಳೆಯ ಕೆಲಸಗಳು ಹೀಗೆಯೇ ಅಳತೆ ಅಳತೆಯಾಗಿ ಏರುವುವೆಂದು ಎಲ್ವಾ ಹೊಳೆಯ ವೃತ್ತಾಂತವೂ ತೋರಿಸುತ್ತದೆ. ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮದೊಂದು ಅರಿಕೆ. ಈ ಸಲ ರಜದಲ್ಲಿ ತವರಿಗೆ ಹೋದಾಗ ಮನೆಯ ಹಿರಿಯ ಹೆಂಗಸರ ಬಳಿಯಲ್ಲಿ ಕುಳಿತು, ಊರ ಹೊಳೆಯಲ್ಲಿ ಯಾವ ಯಾವ ಮೀನುಗಳಿದ್ದವು, ಯಾವ ಮಡುವಿಗೆ ಏನು ಹೆಸರು, ಬೇಸಗೆಯಲ್ಲಿ ನೀರು ಎಲ್ಲಿಯವರೆಗೆ ನಿಲ್ಲುತ್ತಿತ್ತು ಎಂದು ಕೇಳಿ, ಒಂದು ಪುಸ್ತಕದಲ್ಲಿ ಬರೆದಿಡಿರಿ. ಶಾಲೆಯಲ್ಲಿ ಕಲಿತ ಅಕ್ಷರಕ್ಕೆ ಇದಕ್ಕಿಂತ ಉತ್ತಮವಾದ ಉಪಯೋಗವನ್ನು ನಾವು ಕಾಣೆವು.